ಫೋಟೋಗೆ ಲೈಕು ಬಿದ್ದರೆ ಸಾಕಾ?



ಏಪ್ರಿಲ್ 14 ಬಂದ್ರೆ ಇನ್‌ಸ್ಟಾಗ್ರಾಮ್ ಪೂರ್ತಿ ನೀಲಿ. ಬಾಬಾಸಾಹೇಬರ ಫೋಟೋ, ಜೊತೆಗೊಂದು ಹಾಡು, ರಾಶಿ ಲೈಕು. ಸಂತೋಷವೇ. ಆದ್ರೆ ಸ್ಮಶಾನದ ಜಾಗದ ಬಗ್ಗೆ, ಹಾಸ್ಟೆಲ್ ಊಟದ ಬಗ್ಗೆ ನಮ್ಮ ಹುಡುಗರು ಊರೂರು ಸುತ್ತಿ ಬರೆದದ್ದನ್ನು ಓದೋರು ಎಷ್ಟು ಜನ? ನಮ್ಮನಮ್ಮೊಳಗೇ ಇಪ್ಪತ್ತು, ಮೂವತ್ತು.

"ಈಗ ಯಾರೂ ಓದಲ್ಲ ಬಿಡಣ್ಣ" ಅಂತಾರೆ. ನಾನು ಒಪ್ಪಲ್ಲ. ಓದೋರು ಇದ್ದಾರೆ, ಫೋಟೋ ನೋಡೋ ಜಾಗದಲ್ಲಿ ಇದ್ದಾರೆ. ಬರಹವೇ ಅಲ್ಲಿಗೆ ಹೋಗಬೇಕು.

ಇದು ಇವತ್ತಿನ ಕಷ್ಟ ಅಲ್ಲ. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಅವರು ಬಿಟ್ಟರಾ? 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ'. ಒಂದು ನಿಂತರೆ ಇನ್ನೊಂದು ತಂದರು.

ನಾನು ದಿನಾ ಫೈಲು ನೋಡೋ ಗುಮಾಸ್ತ. ಅರ್ಜಿಯ ಮೊದಲ ಸಾಲಲ್ಲೇ ವಿಷಯ ಗೊತ್ತಾಗಬೇಕು. ಇಲ್ಲೂ ಅಷ್ಟೇ. ಬರಹದ ತಿರುಳನ್ನು ಏಳೆಂಟು ಚಿತ್ರಗಳಾಗಿ ಒಂದೇ ಪೋಸ್ಟಲ್ಲಿ ಹಾಕಿ. ಮೊದಲನೆಯದರಲ್ಲಿ ಒಂದೇ ಪ್ರಶ್ನೆ: "ನಿಮ್ಮೂರಲ್ಲಿ ದಲಿತರ ಸ್ಮಶಾನಕ್ಕೆ ದಾರಿ ಇದೆಯಾ?" ಅಕ್ಷರ ದಪ್ಪಗಿರಲಿ. ನಡುವೆ ಆರ್‌ಟಿಐ ಉತ್ತರ, ಸರ್ವೆ ನಕ್ಷೆ. ಕೊನೆಗೆ ಪೂರ್ತಿ ಬರಹ ಎಲ್ಲಿದೆ ಅನ್ನೋದು. ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕು ಸಾಮಾನ್ಯವಾಗಿ ಒತ್ತಿದರೆ ತೆರೆಯಲ್ಲ. ಅದನ್ನು ಬಯೋದಲ್ಲಿ ಹಾಕಿ, ಸ್ಟೋರಿಯಲ್ಲೂ ಲಿಂಕ್ ಸ್ಟಿಕರ್ ಹಾಕಿ. ಸ್ಟೋರಿ 24 ಗಂಟೆಗೆ ಮಾಯ ಆಗುತ್ತೆ, ಹೈಲೈಟ್‌ಗೆ ಸೇರಿಸಿ. ಕಣ್ಣು ಕಾಣದ ಬಂಧುಗಳಿಗಾಗಿ ಚಿತ್ರದಲ್ಲಿರೋದನ್ನು ಆಲ್ಟ್ ಟೆಕ್ಸ್ಟಲ್ಲಿ ಬರೆಯಿರಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಜನ ನೋಡ್ತಾರೆ ಅಂತ ನಮ್ಮವರ ಹೆಣದ ಫೋಟೋ ಹಾಕಬೇಡಿ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಗುರುತು ಬಯಲು ಮಾಡೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ, ಎರಡು ವರ್ಷದವರೆಗೂ ಜೈಲು. ಕಾನೂನು ಪಕ್ಕಕ್ಕಿಡಿ. ಆ ತಾಯಿ ತನ್ನ ಮಗಳನ್ನು ಕಂಡಕಂಡವರ ಮೊಬೈಲಲ್ಲಿ ನೋಡಬೇಕಾ? ಜಾತಿವಾದಿಗಳು ನಮ್ಮ ಮೈಯನ್ನು ಬೀದಿಗೆ ಎಳೆದದ್ದು ಸಾಲದಾ? ಬೀಗ ಹಾಕಿದ ದೇವಸ್ಥಾನದ ಬಾಗಿಲು, ಮುಳ್ಳುಬೇಲಿ ಹಾಕಿದ ಸ್ಮಶಾನದ ದಾರಿ ತೋರಿಸಿ. ನಾಚಿಕೆ ಆಗಬೇಕಾದ್ದು ನಮಗಲ್ಲ, ಬೀಗ ಹಾಕಿದವರಿಗೆ.

ಇನ್ನೊಂದು, ಇನ್‌ಸ್ಟಾಗ್ರಾಮ್ ಬಾಡಿಗೆ ಮನೆ. ನಾಲ್ಕು ಜನ ಸೇರಿ ರಿಪೋರ್ಟ್ ಹೊಡೆದರೆ ಅಕೌಂಟೇ ಹೋಗಬಹುದು. ಮೂಲ ಬರಹ, ಫೋಟೋ, ದಾಖಲೆ ಎಲ್ಲದರ ಪ್ರತಿ ನಿಮ್ಮ ಹತ್ತಿರ ಬೇರೆ ಇರಲಿ.

ಲೈಕು ಎಣಿಸಬೇಡಿ. "ಪೂರ್ತಿ ಓದಿದೆ, ನಮ್ಮೂರಲ್ಲೂ ಹಿಂಗೇ ಇದೆ" ಅಂತ ಎಷ್ಟು ಜನ ಮೆಸೇಜ್ ಮಾಡಿದ್ರು ಅನ್ನೋದನ್ನ ಎಣಿಸಿ. ಅಂಥವರು ಹತ್ತು ಜನ ಸಿಕ್ಕರೆ ತಹಶೀಲ್ದಾರ್ ಕಚೇರಿಗೆ ಹತ್ತು ಊರಿಂದ ಅರ್ಜಿ ಹೋಗುತ್ತೆ.

ಈ ಭಾನುವಾರ ನಿಮ್ಮ ಹಳೇ ಬರಹ ಒಂದನ್ನು ಹೊರಗೆ ತೆಗೀರಿ. ಫೋನ್ ಕೈಯಲ್ಲೇ ಇದೆಯಲ್ಲ.

ಜೈ ಭೀಮ್.