ಬಣ್ಣಕ್ಕೆ ದುಡ್ಡಿದೆ, ಕೈಗಿಲ್ಲ

ಊರಿನ ಗೋಡೆಗಳಿಗೆ ಚಿತ್ರ ಬರೆಸಬೇಕು ಅನ್ನೋದು ಒಳ್ಳೆ ವಿಚಾರವೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಬೇಕಾದ್ರೂ ನೋಡಿ, ಎಲೆ ಅಡಿಕೆ ಉಗಿದು ಕೆಂಪಾದ ಗೋಡೆಗೇನು ಬರವೇ? ಅದರ ಮೇಲೆ ನಾಗರಹೊಳೆಯ ಹುಲಿಯೋ ಕಬಿನಿಯ ಆನೆಯೋ ಬಂದು ನಿಂತ್ರೆ ಬೇಡ ಅನ್ನೋರು ಯಾರು? ನನ್ನ ತಕರಾರು ಇರೋದು ಅದನ್ನ ಬರೆಯೋರು ಯಾರು, ಅವರ ಕೈಗೆ ಎಷ್ಟು ಕೊಡ್ತೀರಿ ಅನ್ನೋದರಲ್ಲಿ.

ಸಾಮಾನ್ಯವಾಗಿ ಬರೋ ಸಲಹೆ ಎರಡೇ. ಸ್ಕೂಲ್ ಮಕ್ಕಳಿಗೆ ಸ್ಪರ್ಧೆ ಇಡಿ, ಇಲ್ಲಾಂದ್ರೆ ಬೆಂಗಳೂರಿಂದ ಕಂಪನಿಯವರನ್ನ ಕರೆಸಿ. ನಾನೂ ಸಾಫ್ಟ್‌ವೇರಿನವನೇ, ನಮ್ಮವರ ವರಸೆ ಗೊತ್ತು. ಶನಿವಾರ ಒಂದೇ ಥರದ ಟೀ ಶರ್ಟ್ ಹಾಕ್ಕೊಂಡು ಬಂದು, ಕಾಂಪೌಂಡಿಗೆ ನಾಲ್ಕು ಚಿಟ್ಟೆ, ಎರಡು ಸೂರ್ಯಕಾಂತಿ ಬರೆದು, ಸೆಲ್ಫಿ ತಗೊಂಡು ಸಂಜೆ ಬಸ್ ಹತ್ತೋದು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಆ ಲೆಕ್ಕದಲ್ಲಿ ಬಣ್ಣ, ಬ್ರಷ್ಷು, ಟೀ ಶರ್ಟು, ಮಧ್ಯಾಹ್ನದ ಪಲಾವ್ ಪ್ಯಾಕೆಟ್ಟು ಎಲ್ಲಾ ಬರುತ್ತೆ. ಕಲಾವಿದನ ಕೂಲಿ ಕಾಣಲ್ಲ.

ನಮ್ಮ ತಾಲೂಕುಗಳಲ್ಲಿ ಕಲಾವಿದರಿಲ್ಲ ಅಂದ್ಕೊಂಡ್ರಾ? ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಎಲೆಕ್ಷನ್ ಗೋಡೆ, ಎಲ್ಲಾ ಬರೀತಿದ್ದೋರು, ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ‘ಆರ್ಟ್ಸ್’ ಅಂತ ಹೆಸರು ಹಾಕ್ತಿದ್ದೋರು ಎಲ್ಲಿ ಹೋದ್ರು? ಫ್ಲೆಕ್ಸ್ ಬಂತು, ಅನ್ನ ಹೋಯ್ತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. ಹುಟ್ಟುಹಬ್ಬದ ನಾಯಕರು ಮಾತ್ರ ಸರ್ಕಲ್ಲಿನಲ್ಲಿ ಇನ್ನೂ ಹಲ್ಲು ಕಿರೀತಾನೇ ಇದ್ದಾರೆ.

2009ರಲ್ಲಿ ಬಿಬಿಎಂಪಿ ಬೆಂಗಳೂರಿನ ಗೋಡೆಗಳಿಗೆ ಚಿತ್ರ ಬರೆಸಿದಾಗ ಸಿನಿಮಾ ಬ್ಯಾನರ್ ಬರೀತಿದ್ದವರಿಗೆ ಕೆಲಸ ಸಿಕ್ತು. ಕ್ಯಾಲೆಂಡರ್ ಚಿತ್ರ ಇದ್ದಂಗಿದೆ ಅಂತ ಮೂಗು ಮುರಿದೋರು ಇದ್ರು. ಮುರೀಲಿ ಬಿಡಿ, ಬರೆದವರ ಮನೇಲಿ ಒಲೆ ಉರೀತಲ್ಲ!

ಕೂಲಿ ಮಾತು ಹಾಗಿರಲಿ. ಆ ಜಾಗ ಬಲ್ಲ ಕಲಾವಿದ ಕೈ ಇಟ್ಟರೆ ಚಿತ್ರವೇ ಬೇರೆ. ಮೈಸೂರಿನ ಕಾವಾದಲ್ಲಿ ಓದಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆ ಕೂರಿಸಿದ್ರು. 2019ರಲ್ಲಿ ಇನ್ನೊಂದು ಗುಂಡಿ ರಸ್ತೆಯಲ್ಲಿ ಗಗನಯಾತ್ರಿ ವೇಷದವರನ್ನ ಚಂದ್ರನ ಮೇಲೆ ನಡೆದಂಗೆ ನಡೆಸಿದ್ರು. ಎರಡು ಸಲವೂ ಅಧಿಕಾರಿಗಳು ಓಡಿಬಂದು ಗುಂಡಿ ಮುಚ್ಚಿದ್ರು. ಸೂರ್ಯಕಾಂತಿ ನೋಡಿ ಯಾವ ಇಂಜಿನಿಯರ್ ಓಡಿಬರ್ತಾನೆ? ಎಚ್.ಡಿ. ಕೋಟೆ ಗೋಡೆಗೆ ಹೊರಗಿನೋರು ಬರೆಯೋ ಆನೆ ಮುದ್ದಾಗಿರುತ್ತೆ. ರಾತ್ರಿಯೆಲ್ಲಾ ಅಟ್ಟಣೆ ಮೇಲೆ ಹೊಲ ಕಾದವನು ಬರೆದರೆ ಆ ಆನೆಯೇ ಬೇರೆ.

ಪುರಸಭೆ, ನಗರಸಭೆಯವರೇ, ಚರಂಡಿಗೆ ಎಸ್ಟಿಮೇಟ್ ಹಾಕುವಾಗ ಗಾರೆಯವನ ಕೂಲಿ ಬರೀತೀರಲ್ಲ, ಚಿತ್ರಕ್ಕೂ ಚದರಡಿಗೆ ಇಷ್ಟು ಅಂತ ಬರೀರಿ. ನಿಮ್ಮೂರಿನ ಬೋರ್ಡ್ ಬರೆಯೋರನ್ನ ಮೊದಲು ಕರೀರಿ. ಏನು ಬರೀಬೇಕು ಅಂತ ಅವರನ್ನೇ ಕೇಳಿ. ಕೆಳಗೆ ಮೂಲೆಯಲ್ಲಿ ಅವರ ಹೆಸರು, ಫೋನ್ ನಂಬರ್ ಹಾಕ್ಕೊಳ್ಳೋಕೆ ಒಂದಡಿ ಜಾಗ ಬಿಡಿ.