ಬೀದಿಯ ಮತ್ತೊಂದು ತುದಿ

ಬೇಲೂರಿನಲ್ಲಿ ಚೈತ್ರದ ತೇರು ಚೆನ್ನಕೇಶವನ ಗುಡಿಯನ್ನು ಸುತ್ತಿ ಹೊರಟ ಸ್ಥಳಕ್ಕೇ ಬಂದು ನಿಲ್ಲುವುದನ್ನು ವಾಚಕರು ಬಲ್ಲರು. ತೇರನ್ನು ನಡುದಾರಿಯಲ್ಲಿ ಹಿಂದಿರುಗಿಸುವುದು ಸುಲಭವಲ್ಲ. ಆದುದರಿಂದ ರಥಬೀದಿಗೆ ಕೊನೆಯಿರಕೂಡದು. ಊರನ್ನು ಬಳಸುವ ಬೀದಿಯನ್ನು ಮಾನಸಾರವೆಂಬ ಶಿಲ್ಪಗ್ರಂಥವು ಮಂಗಲವೀಥಿಯೆಂದು ಕರೆಯುತ್ತದೆ. ಪ್ಲೇಗು ಬಂದ 1898ರಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳನ್ನು ಏರ್ಪಡಿಸಿದವರೂ ಉದ್ದರಸ್ತೆಗಳನ್ನು ಅಡ್ಡರಸ್ತೆಗಳೊಡನೆ ಕೂಡಿಸಿದರು.

ಈಗಿನ ಎಷ್ಟೋ ಬಡಾವಣೆಗಳ ರೀತಿಯೇ ಬೇರೆ. ಒಂದು ಹೊಲವೇ ಒಂದು ಬಡಾವಣೆ. ಹೆದ್ದಾರಿಗೆ ಒಂದೇ ಬಾಯಿ, ಹಿಂದೆ ಪಕ್ಕದ ಹೊಲದ ಬೇಲಿ. ಆ ಹೊಲವೂ ಬಡಾವಣೆಯಾದಾಗ ಬೇಲಿಯು ಗೋಡೆಯಾಗುವುದು. ಹಿತ್ತಲಿಗೆ ಹಿತ್ತಲು ತಗುಲಿದ ಮನೆಗಳ ನಡುವೆ ಒಗ್ಗರಣೆಯ ವಾಸನೆ ದಾಟುವುದು, ಮನುಷ್ಯರು ದಾಟಲಾರರು! ಮಕ್ಕಳು ಲಾರಿಗಳೋಡುವ ಹೆದ್ದಾರಿಯನ್ನು ಬಳಸಿಯೇ ಶಾಲೆಗೆ ಹೋಗಬೇಕು. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ರೈಲುದಾರಿಗಳು ಕೂಡುವ ಅರಸೀಕೆರೆಯಂತಹ ಊರಿನಲ್ಲಿ ಹಳಿಗಳೇ ಒಂದು ತಡೆ. ಅದರ ಮೇಲೆ ಇದೊಂದು.

ನಿವೇಶನ ಕೊಳ್ಳುವ ಗೃಹಸ್ಥರು ನೀರನ್ನೂ ಆಯವನ್ನೂ ವಿಚಾರಿಸುವರು. ಬೀದಿಯ ಮತ್ತೊಂದು ತುದಿ ಎಲ್ಲಿಗೆ ಮುಟ್ಟುವುದೆಂದೂ ನಕ್ಷೆಯಲ್ಲಿ ನೋಡತಕ್ಕದ್ದು. ನಕ್ಷೆಗೆ ಒಪ್ಪಿಗೆ ಕೊಡುವವರು ಆ ತುದಿಯನ್ನು ಮುಂದಿನ ಹೊಲದ ಎಲ್ಲೆಯವರೆಗೆ ಆಗಲೇ ತೆರೆದಿಡಿಸಬೇಕು. ಮನೆಗಳೆದ್ದ ಮೇಲೆ ದಾರಿ ಬಿಡುವವರಾರು?