ಲೇಸರಿಗೆ ಲಕ್ಷ, ಹೊಗೆಗೆ ಒಂದು ಫ್ಯಾನು

ಬೆಂಗಳೂರಿನ ಪೀಣ್ಯದ ಕಡೆ ಓಡಾಡಿದವರು ಲೇಸರ್ ಕಟಿಂಗ್ ಬೋರ್ಡುಗಳನ್ನು ನೋಡೇ ಇರ್ತೀರಿ. ಸ್ಟೀಲ್ ಶೀಟು ಕತ್ತರಿಸೋ ದೊಡ್ಡ ಫೈಬರ್ ಲೇಸರಿನಿಂದ ಹಿಡಿದು ಅಕ್ರಿಲಿಕ್ ನಾಮಫಲಕ, ಎಂಡಿಎಫ್ ಜಾಲರಿ ಕೊರೆಯೋ ಪುಟ್ಟ ಮೆಷಿನ್ನುಗಳವರೆಗೆ ಎಲ್ಲವೂ ಅಲ್ಲಿವೆ. ಇಂಥ ಮೆಷಿನ್ ಕೊಳ್ಳೋವಾಗ ಕೇಳೋ ಪ್ರಶ್ನೆಗಳು ಮೂರು: ಎಷ್ಟು ವ್ಯಾಟು, ಎಷ್ಟು ದಪ್ಪ ಕತ್ತರಿಸುತ್ತೆ, ಗಂಟೆಗೆ ಎಷ್ಟು ಪೀಸು. ಹೊಗೆಯ ಮಾತು ಬರೋದು ಕೊನೆಗೆ, ಚೌಕಾಸಿ ಹೊತ್ತಲ್ಲಿ. "ಬ್ಲೋಯರ್ ಫ್ರೀ ಹಾಕಿಕೊಡ್ತೀವಿ ಸಾರ್" ಅಂದರೆ ಅಲ್ಲಿಗೆ ಮುಗೀತು.

ಇದು ತಲೆಕೆಳಗಾದ ಲೆಕ್ಕ ಅಂತ ನನ್ನ ಅಭಿಪ್ರಾಯ. ಹೊಗೆ ಎಳೆಯೋ ಯಂತ್ರವನ್ನು ಮೊದಲು ಯೋಚಿಸಬೇಕು, ಅದೂ ಏನನ್ನು ಕತ್ತರಿಸ್ತೀವಿ ಅನ್ನೋದನ್ನು ನೋಡಿ.

ಯಾಕೆಂದರೆ ಲೇಸರ್ ಮಾಡೋದು ಸುಡೋ, ಕರಗಿಸೋ, ಆವಿ ಮಾಡೋ ಕೆಲಸ. ಶೀಟಿನಲ್ಲಿ ಏನಿತ್ತೋ ಅದು ಗಾಳಿಗೆ ಬರುತ್ತೆ. ಅಕ್ರಿಲಿಕ್ ಸುಟ್ಟರೆ ಮೀಥೈಲ್ ಮೆಥಾಕ್ರಿಲೇಟ್ ಆವಿ, ಅದೇ ಆ ಘಾಟು ವಾಸನೆ. ಎಂಡಿಎಫ್‌ನಲ್ಲಿರೋ ಅಂಟಿನಿಂದ ಫಾರ್ಮಾಲ್ಡಿಹೈಡ್. ಇದು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಸ್ಟೇನ್‌ಲೆಸ್ ಸ್ಟೀಲಿನಿಂದ ಕ್ರೋಮಿಯಂ, ನಿಕಲ್ ಇರೋ ಸೂಕ್ಷ್ಮ ಧೂಳು. ಸತು ಲೇಪಿಸಿದ ಜಿಐ ಶೀಟಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ.

ಈಗ ಫಿಲ್ಟರಿನ ವಿಷಯ. ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣಗಳನ್ನು 99.97% ಹಿಡಿಯುತ್ತೆ ಅಂತ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕಿರ್ತಾರೆ. ನಿಜವೇ. ಆದರೆ ಅದು ಹಿಡಿಯೋದು ಕಣಗಳನ್ನು. ಆವಿ, ಅನಿಲ ಅದರೊಳಗಿಂದ ಆರಾಮಾಗಿ ದಾಟಿಬಿಡ್ತವೆ. ಅವಕ್ಕೆ ಆಕ್ಟಿವೇಟೆಡ್ ಕಾರ್ಬನ್ ಬೇಕು, ಫಾರ್ಮಾಲ್ಡಿಹೈಡಿಗಾದರೆ ರಾಸಾಯನಿಕ ಸೇರಿಸಿದ ವಿಶೇಷ ಕಾರ್ಬನ್ನೇ ಬೇಕು. ಮುಂದೆ ಒಂದು ಸಾದಾ ಪ್ರೀ-ಫಿಲ್ಟರ್ ಇಲ್ಲದಿದ್ದರೆ ಇಷ್ಟೆಲ್ಲ ದುಬಾರಿ ಸರಂಜಾಮು ಮಸಿಯಿಂದ ಬೇಗ ಕಟ್ಟಿಕೊಳ್ಳುತ್ತೆ. ಲೋಹ ಕತ್ತರಿಸೋರಿಗೆ ಕಿಡಿ ತಡೆಯೋ ವ್ಯವಸ್ಥೆಯೂ ಬೇಕು. ಅಲ್ಯೂಮಿನಿಯಂ ಧೂಳನ್ನಂತೂ ಕಬ್ಬಿಣದ ಧೂಳಿನ ಜೊತೆ ಒಂದೇ ಡಬ್ಬಿಗೆ ಎಳೀಬಾರದು. 2014ರ ಆಗಸ್ಟಿನಲ್ಲಿ ಚೀನಾದ ಕುನ್‌ಶಾನ್‌ನಲ್ಲಿ ಕಾರಿನ ಚಕ್ರ ಪಾಲಿಶ್ ಮಾಡೋ ಕಾರ್ಖಾನೆಯೊಂದರಲ್ಲಿ ಅಲ್ಯೂಮಿನಿಯಂ ಧೂಳು ಸ್ಫೋಟಿಸಿ ನೂರಕ್ಕೂ ಹೆಚ್ಚು ಜನ ಸತ್ತರು.

ಪಿವಿಸಿಗೆ ಮಾತ್ರ ಒಂದೇ ಪರಿಹಾರ: ಕತ್ತರಿಸಬೇಡಿ. ಅದರಿಂದ ಬರೋ ಹೈಡ್ರೋಜನ್ ಕ್ಲೋರೈಡ್ ತೇವ ಸಿಕ್ಕ ಕಡೆ ಆಮ್ಲವಾಗುತ್ತೆ, ಮೆಷಿನ್ನಿನ ರೈಲಿನಲ್ಲೂ, ಶ್ವಾಸಕೋಶದಲ್ಲೂ. ನಮ್ಮಲ್ಲಿ 'ಸನ್‌ಬೋರ್ಡ್' ಅಂತ ಮಾರೋದು ಪಿವಿಸಿ, ರೆಕ್ಸಿನ್ ಕೂಡ ಬಹುಪಾಲು ಅದೇ. ಗಿರಾಕಿ ತಂದುಕೊಟ್ಟ ಅಂತ ಮೆಷಿನ್ನಿಗೆ ಹಾಕೋದು ತಪ್ಪು.

ಇನ್ನೊಂದು ಭ್ರಮೆ, ಮೋಟಾರ್ ದೊಡ್ಡದಾದರೆ ಸಾಕು ಅನ್ನೋದು. ಪೈಪಿನ ಬಾಯಿಂದ ಪೈಪಿನ ಅಗಲದಷ್ಟು ದೂರ ಸರಿದರೆ ಸಾಕು, ಎಳೆತದ ವೇಗ ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತೆ. ಗೋಡೆಯ ಮೇಲಿನ ಫ್ಯಾನು ಎಳೆಯೋ ಹೊತ್ತಿಗೆ ಹೊಗೆ ಆಪರೇಟರನ ಮೂಗಿನ ಮುಂದೆ ಹಾದು ಹೋಗಿರುತ್ತೆ. ಹೊಗೆ ಹುಟ್ಟೋ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಎಳೆಯಬೇಕು, ಆ ಜಾಗವನ್ನು ಆದಷ್ಟು ಮುಚ್ಚಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 14ನೇ ಸೆಕ್ಷನ್ನೇ ಹೇಳಿತ್ತು. ಆದರೆ ವಿದ್ಯುತ್ ಬಳಸೋ ಕಡೆ 10 ಜನರಾದರೂ ಇದ್ದರೆ ಅದು ಫ್ಯಾಕ್ಟರಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರೋ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20. ಅಂದರೆ ನಾಲ್ಕು ಜನರ ಶೆಡ್ಡು ಆಗಲೂ ಲೆಕ್ಕಕ್ಕಿರಲಿಲ್ಲ, ಈಗಲೂ ಇಲ್ಲ. ಅಲ್ಲಿ ಉಳಿಯೋದು ಮಾಲೀಕನ ಮನಸ್ಸಾಕ್ಷಿ ಮಾತ್ರ.

"ಸಣ್ಣ ಶೆಡ್ಡಿನವನು ಇಷ್ಟೆಲ್ಲ ದುಡ್ಡು ಎಲ್ಲಿಂದ ತರಬೇಕು?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಗೆಯನ್ನು ಪೈಪಿನಲ್ಲಿ ಸೂರಿನ ಮೇಲಕ್ಕೆ ಬಿಟ್ಟರೆ ಫಿಲ್ಟರಿನ ಖರ್ಚು ಉಳಿಯುತ್ತೆ, ಆದರೆ ಒತ್ತೊತ್ತಾಗಿ ಕಟ್ಟಿರೋ ಕಡೆ ಅದು ಪಕ್ಕದ ಮನೆ ಕಿಟಕಿಗೆ ಹೋಗುತ್ತೆ. ಹಾಗಾಗಿ ಫಿಲ್ಟರನ್ನು ಗ್ಯಾಸ್, ಕರೆಂಟ್ ಥರವೇ ಪೀಸಿನ ರೇಟಿನಲ್ಲಿ ಸೇರಿಸಬೇಕು. ಕೊಳ್ಳೋವಾಗ ಬರೀ ಯಂತ್ರದ ಬೆಲೆ ಕೇಳಬೇಡಿ. ಬದಲಿ ಫಿಲ್ಟರಿಗೆ ಎಷ್ಟು, ಎಷ್ಟು ದಿನಕ್ಕೆ ಬದಲಿಸಬೇಕು, ಕಟ್ಟಿಕೊಂಡಿದ್ದು ತೋರಿಸೋ ಒತ್ತಡದ ಮೀಟರ್ ಇದೆಯಾ ಅಂತ ಕೇಳಿ.

ಸಾಫ್ಟ್‌ವೇರಿನವನಾಗಿ ನನ್ನದೊಂದು ಸೇರಿಕೆ: ಗಾಳಿಯ ಎಳೆತ ಇಲ್ಲದಿದ್ದರೆ ಲೇಸರ್ ಆನ್ ಆಗಲೇಬಾರದು. ಒಂದು ಪ್ರೆಶರ್ ಸ್ವಿಚ್ಚು, ಕಂಟ್ರೋಲರಿಗೆ ಎರಡು ವೈರು, ಅಷ್ಟೇ. ಬಾಗಿಲು ತೆರೆದರೆ ಲೇಸರ್ ನಿಲ್ಲೋ ಏರ್ಪಾಡು ಇರುತ್ತಲ್ಲ, ಹಾಗೇ. ಇದಿದ್ದರೆ "ಶಬ್ದ ಜಾಸ್ತಿ" ಅಂತ ಬ್ಲೋಯರ್ ಆಫ್ ಮಾಡಿ ಕೆಲಸ ಮುಂದುವರಿಸೋಕೆ ಆಗಲ್ಲ.

ಮೆಷಿನ್ ಕೊಳ್ಳೋನು ಒಬ್ಬ, ಅದರ ಪಕ್ಕ ದಿನಕ್ಕೆ ಎಂಟು ಹತ್ತು ಗಂಟೆ ನಿಂತು ಉಸಿರಾಡೋನು ಇನ್ನೊಬ್ಬ. ಚೌಕಾಸಿ ಮಾಡೋವಾಗ ಆ ಹುಡುಗ ಅಲ್ಲಿರಲ್ಲ. ಅದಕ್ಕೇ ಇಷ್ಟುದ್ದ ಕೊರೆದೆ. ನಿಮ್ಮ ನೆಂಟರಿಷ್ಟರಲ್ಲಿ ಯಾರಾದರೂ ಲೇಸರ್ ಹಾಕೋ ಯೋಚನೆಯಲ್ಲಿದ್ದರೆ ಅವರಿಗೆ ಇದನ್ನು ಓದಿಸಿ. ಆಗಲೇ ಹಾಕಿರೋರು ಹೊಗೆಗೆ ಏನು ಮಾಡಿದ್ದೀರಿ, ದಯವಿಟ್ಟು ಬರೀರಿ.